ಋಣ ಒಂದಕ್ಕೂ ಸೊನ್ನೆಗೂ ನಡುವೆ ಅಡಗಿದ ಶೂನ್ಯತೆಗಳು

ಕೇಳುಗರಿಗೆ ನಮಸ್ಕಾರ. ಹಾಳೆ, ಪೆನ್ನು ಹತ್ತಿರ ಇರಲಿ. ಬೀಜಗಣಿತ ಬರೀ ಕಿವಿಗೆ ದಕ್ಕುವುದಿಲ್ಲ. ಬರೆದುಕೊಳ್ಳಿ: 2 ಎಕ್ಸ್‌ನ ನಾಲ್ಕನೇ ಘಾತ, ಮೈನಸ್ 7 ಎಕ್ಸ್ ಘನ, ಪ್ಲಸ್ 10 ಎಕ್ಸ್, ಪ್ಲಸ್ 4. ಎಕ್ಸ್‌ಗೆ ಯಾವ ಬೆಲೆ ಕೊಟ್ಟರೆ ಇದು ಸೊನ್ನೆಯಾಗುತ್ತದೆ? ಅಂಥ ಬೆಲೆಯನ್ನೇ ಶೂನ್ಯತೆ ಎನ್ನುತ್ತೇವೆ.

ಸಿಕ್ಕ ಸಿಕ್ಕ ಸಂಖ್ಯೆ ಹಾಕಿ ನೋಡಬೇಕಿಲ್ಲ. ಸಹಗುಣಕಗಳು, ಅಂದರೆ ಪದಗಳಲ್ಲಿನ ಅಂಕಿಗಳು, ಎಲ್ಲ ಪೂರ್ಣಾಂಕಗಳಾಗಿದ್ದರೆ, ಭಾಗಲಬ್ಧ ಶೂನ್ಯತೆಯನ್ನು ಸಂಕ್ಷಿಪ್ತ ಭಿನ್ನರಾಶಿಯಾಗಿ ಬರೆದಾಗ ಅದರ ಅಂಶ ಸ್ಥಿರಪದವನ್ನೂ ಛೇದ ಮೊದಲ ಸಹಗುಣಕವನ್ನೂ ಭಾಗಿಸಲೇಬೇಕು. ಇಲ್ಲಿ ಸ್ಥಿರಪದ 4, ಮೊದಲ ಸಹಗುಣಕ 2. ಪರೀಕ್ಷಿಸಬೇಕಾದವು 1, 2, 4, ಅರ್ಧ ಮತ್ತು ಇವುಗಳ ಋಣರೂಪಗಳು, ಎಂಟೇ ಎಂಟು.

1 ಹಾಕಿದರೆ 9 ಬರುತ್ತದೆ, ಆಗಲಿಲ್ಲ. ಈಗ 2ರಿಂದ ಸಿಂಥೆಟಿಕ್ ಡಿವಿಷನ್ ಮಾಡೋಣ, ಅಂದರೆ ಸಹಗುಣಕಗಳನ್ನಷ್ಟೇ ಬರೆದು ಭಾಗಿಸೋಣ: ಮೊದಲನೆಯದನ್ನು ಹಾಗೇ ಕೆಳಗಿಳಿಸಿ, ಕೆಳಗೆ ಬಂದದ್ದನ್ನು ಪ್ರತಿ ಸಲ 2ರಿಂದ ಗುಣಿಸಿ ಮುಂದಿನದಕ್ಕೆ ಕೂಡಿಸುತ್ತ ಹೋಗುವುದು, ಕೊನೆಯದು ಶೇಷ. ಸಹಗುಣಕಗಳ ಸಾಲು: 2, ಮೈನಸ್ 7, ಸೊನ್ನೆ, 10, 4. ಆ ಸೊನ್ನೆ ಎಲ್ಲಿಂದ ಬಂತು ಎಂದಿರಾ? ಎಕ್ಸ್ ವರ್ಗದ ಪದ ಇಲ್ಲವಲ್ಲ, ಅದರ ಜಾಗ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ಸೊನ್ನೆ ಬಿಟ್ಟರೆ ಶೇಷ 12 ಬಂದು, ಸರಿಯಾದ 2ನ್ನೇ ತಪ್ಪೆಂದು ಹೊಡೆದುಹಾಕುತ್ತೀರಿ. ಸೊನ್ನೆ ಇಟ್ಟರೆ ಕೆಳಸಾಲು 2, ಮೈನಸ್ 3, ಮೈನಸ್ 6, ಮೈನಸ್ 2, ಶೇಷ ಸೊನ್ನೆ.

ಮುಂದಿನ ಪರೀಕ್ಷೆ ಈ ಹೊಸ ಸಾಲಿನ ಮೇಲೆ, ಹಳೆಯದರ ಮೇಲಲ್ಲ. ಸ್ಥಿರಪದ ಮೈನಸ್ 2 ಆದ್ದರಿಂದ 4 ತಾನಾಗಿಯೇ ಬಿಟ್ಟುಹೋಯಿತು. ಮೈನಸ್ ಅರ್ಧದಿಂದ ಭಾಗಿಸಿ: 2, ಮೈನಸ್ 4, ಮೈನಸ್ 4, ಶೇಷ ಸೊನ್ನೆ. ಸಾಲಿನಿಂದ 2ನ್ನು ಹೊರತೆಗೆದು 'ಎಕ್ಸ್ ಪ್ಲಸ್ ಅರ್ಧ'ಕ್ಕೆ ಗುಣಿಸಿದರೆ 'ಎರಡು ಎಕ್ಸ್ ಪ್ಲಸ್ ಒಂದು' ಎಂಬ ಅಪವರ್ತನ. ಉಳಿದದ್ದು ಎಕ್ಸ್ ವರ್ಗ ಮೈನಸ್ 2 ಎಕ್ಸ್ ಮೈನಸ್ 2. ವರ್ಗಸಮೀಕರಣದ ಸೂತ್ರ ಹಾಕಿದರೆ 1 ಪ್ಲಸ್ ವರ್ಗಮೂಲ 3, 1 ಮೈನಸ್ ವರ್ಗಮೂಲ 3, ಸುಮಾರು 2.73 ಮತ್ತು ಮೈನಸ್ 0.73.

ತಾಳೆ ನೋಡಿ: ನಾಲ್ಕೂ ಶೂನ್ಯತೆಗಳ ಮೊತ್ತ ಮೂರೂವರೆ. ಎರಡನೇ ಸಹಗುಣಕ ಮೈನಸ್ 7ರ ಚಿಹ್ನೆ ಬದಲಿಸಿ ಮೊದಲ ಸಹಗುಣಕ 2ರಿಂದ ಭಾಗಿಸಿದರೂ ಅದೇ ಬರಬೇಕು, ಅಂದರೆ 7ರ ಅರ್ಧ. ಸರಿಯಿದೆ.

ಗ್ರಾಫ್ ನಂಬುವವರಿಗೆ ಒಂದು ಮಾತು. ಮೈನಸ್ 1ರಲ್ಲಿ ಬೆಲೆ 3, ಸೊನ್ನೆಯಲ್ಲಿ 4, ಎರಡೂ ಧನ. ಚಿಹ್ನೆ ಬದಲಾಗಿಲ್ಲ, ನಡುವೆ ಏನೂ ಇಲ್ಲ ಎಂದು ಮುಂದೆ ಹೋದರೆ ಮೈನಸ್ ಅರ್ಧ, ಮೈನಸ್ 0.73 ಎರಡೂ ಕೈತಪ್ಪುತ್ತವೆ. ಮೈನಸ್ 0.6ರಲ್ಲಿ ಬೆಲೆ ಋಣವಾಗಿದೆ! ಚಿಹ್ನೆ ಬದಲಾದರೆ ಶೂನ್ಯತೆ ಇದ್ದೇ ಇದೆ. ಬದಲಾಗದಿದ್ದರೆ ಇಲ್ಲವೆಂದು ಹೇಳಲಾಗದು.

ಪಟ್ಟಿಯಲ್ಲಿ ಒಂದೂ ಹೊಂದದಿದ್ದರೆ? ಎಕ್ಸ್‌ನ ಐದನೇ ಘಾತ ಮೈನಸ್ ಎಕ್ಸ್ ಮೈನಸ್ 1 ಅಂಥದ್ದು. 1ರಲ್ಲಿ ಮೈನಸ್ 1, 2ರಲ್ಲಿ 29. ಅಂತರವನ್ನು ಅರ್ಧರ್ಧ ಮಾಡುತ್ತ, ಚಿಹ್ನೆ ಬದಲಾಗುವ ಅರ್ಧವನ್ನೇ ಉಳಿಸಿಕೊಳ್ಳುತ್ತ ಹೋಗಿ, ಸುಮಾರು 1.167ಕ್ಕೆ ಬಂದು ನಿಲ್ಲುತ್ತೀರಿ.