ಓಮೆಗಾ ಖೋಟಾ ನಾಣ್ಯ: ತಗೊಳ್ಳಬಹುದಾ?

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಅಮೆರಿಕದ 20 ಡಾಲರ್ ಚಿನ್ನದ ನಾಣ್ಯದ ಫೋಟೊ. ಇಸವಿ 1907. ಅದನ್ನೂ ರೋಮನ್ ಅಂಕಿಯಲ್ಲಿ ಬರೆದಿದ್ದಾರೆ. ಒಂದು ಕಡೆ ದೀವಟಿಗೆ ಹಿಡಿದು ನಡೆದು ಬರುವ ಹೆಂಗಸು, ಇನ್ನೊಂದು ಕಡೆ ಹಾರುವ ಹದ್ದು. ಹದ್ದಿನ ಉಗುರಿನ ಹತ್ತಿರ ಸ್ವಲ್ಪ ಝೂಮ್ ಮಾಡುತ್ತೇನೆ. ಪುಟ್ಟದೊಂದು ಗ್ರೀಕ್ ಅಕ್ಷರ ಕಾಣಿಸಿತಾ? ಅದು ಓಮೆಗಾ. ಅಸಲಿ ನಾಣ್ಯದಲ್ಲಿ ಅದು ಇರುವುದಿಲ್ಲ. ಖೋಟಾ ಮಾಡಿದವನು ಹಾಕಿ ಹೋದ ರುಜು ಅದು. ಎಂಥಾ ಧೈರ್ಯ ನೋಡಿ!

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ ಕಳಿಸಿದ ಫೋಟೊ ಇದು. ಅವರಿಗೂ ನನ್ನ ಹಾಗೆಯೇ ನಾಣ್ಯದ ಹುಚ್ಚು. ಯಾರೋ ಅವರಿಗೆ ಈ ಓಮೆಗಾ ನಾಣ್ಯ ಕೊಡುತ್ತೇನೆ ಅಂದಿದ್ದಾರಂತೆ. ಖೋಟಾ ಅಂತ ಹೇಳಿಯೇ ಮಾರುತ್ತಿದ್ದಾರೆ. ಆದರೆ ಚಿನ್ನದ ಬೆಲೆಗಿಂತ ತುಂಬಾ ಜಾಸ್ತಿ ಕೇಳುತ್ತಿದ್ದಾರೆ. "ತಗೊಳ್ಳಲಾ?" ಅಂತ ಭಾವ ಮೆಸೇಜ್ ಹಾಕಿದರು. ಬೇಡ ಅಂದೆ. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ಈ ವಿಡಿಯೊ.

ಮೊದಲು ಅಸಲಿಯ ವಿಷಯ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರಿಗೆ ತಮ್ಮ ದೇಶದ ನಾಣ್ಯ ಹಳೇ ಗ್ರೀಕ್ ನಾಣ್ಯದಷ್ಟು ಚೆಂದ ಇರಬೇಕು ಅಂತ ಆಸೆ. ಶಿಲ್ಪಿ ಅಗಸ್ಟಸ್ ಸೇಂಟ್-ಗೌಡೆನ್ಸ್ ಕೈಯಲ್ಲಿ ಚಿತ್ರ ಮಾಡಿಸಿದರು. ಚಿತ್ರ ಎಷ್ಟು ಉಬ್ಬಿತ್ತು ಅಂದರೆ, ಒಂದೇ ಏಟಿಗೆ ಅಚ್ಚು ಬೀಳುತ್ತಿರಲಿಲ್ಲ. ಒಂದೊಂದು ನಾಣ್ಯವನ್ನೂ ಹಲವು ಸಲ ಒತ್ತಬೇಕಿತ್ತು. ಸುಮಾರು 12 ಸಾವಿರ ಮಾಡಿ ನಿಲ್ಲಿಸಿದರು. ಹಾಗಾಗಿ ಇವತ್ತು ಅದರ ಬೆಲೆ ಒಳಗಿರುವ ಚಿನ್ನದ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ.

ಖೋಟಾದವನಿಗೆ ಲಾಭ ಇರುವುದೂ ಅಲ್ಲೇ. ಚಿನ್ನದಲ್ಲಿ ಕಳ್ಳತನ ಮಾಡುವ ಅಗತ್ಯವೇ ಅವನಿಗಿಲ್ಲ. ಸರಿಯಾದ ತೂಕ, ಸರಿಯಾದ ಚಿನ್ನ ಹಾಕಿದರೂ ಕೈತುಂಬ ಉಳಿಯುತ್ತದೆ. ತಕ್ಕಡಿಯಲ್ಲಿಟ್ಟರೂ ಒರೆಗಲ್ಲಿಗೆ ಉಜ್ಜಿದರೂ ಸಿಕ್ಕಿಬೀಳುವುದಿಲ್ಲ. 1970ರ ದಶಕದಲ್ಲಿ ಪರಿಣತರು ಭೂತಗನ್ನಡಿ ಹಿಡಿದು ಕೂತಾಗ ಈ ಅಕ್ಷರ ಕಣ್ಣಿಗೆ ಬಿತ್ತು. ಅದೇ ಗುರುತು 1882ರ 3 ಡಾಲರ್ ನಾಣ್ಯದ ಖೋಟಾದಲ್ಲೂ ಇದೆ. ಮಾಡಿದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. ಆ ಕಥೆಗೇ ದುಡ್ಡು ಕೊಡುತ್ತೇವೆ ಅನ್ನುವ ಸಂಗ್ರಾಹಕರಿದ್ದಾರೆ. ನನ್ನ ಪ್ರಶ್ನೆ ಬೇರೆ. ಇದು ನಿಜವಾಗಿ ಓಮೆಗಾದವನ ಕೈಕೆಲಸವೇ ಅಂತ ಹೇಳುವವರು ಯಾರು? ಅಸಲಿ ನಾಣ್ಯವಾದರೆ ಪಿಸಿಜಿಎಸ್, ಎನ್‌ಜಿಸಿಯಂಥ ಕಂಪನಿಗಳು ಪರೀಕ್ಷೆ ಮಾಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುತ್ತವೆ. ಖೋಟಾಗೆ ಆ ಡಬ್ಬಿ ಸಿಗುವುದಿಲ್ಲ. ಇನ್ನು ಆ ಅಕ್ಷರವೋ, ಒಂದು ಸಣ್ಣ ಗೆರೆ. ಓಮೆಗಾ ಹೆಸರಿಗೆ ಬೆಲೆ ಬಂತು ಅಂದಮೇಲೆ, ಬೇರೆ ಯಾವನೋ ತನ್ನ ಖೋಟಾದಲ್ಲೂ ಅದೇ ಗೆರೆ ಎಳೆಯುವುದಿಲ್ಲವೇ? ಆಗ ಭಾವನ ಕೈಗೆ ಬರುವುದು ಖೋಟಾದ ಖೋಟಾ!

ಕಾನೂನಿನ ತೊಡಕೂ ಇದೆ. ಅಮೆರಿಕದಲ್ಲಿ ಖೋಟಾ ನಾಣ್ಯಗಳನ್ನು ಸೀಕ್ರೆಟ್ ಸರ್ವಿಸ್‌ನವರು ಜಪ್ತಿ ಮಾಡಬಹುದು. ಸಂಗ್ರಹಕ್ಕೆ ಇಟ್ಟುಕೊಂಡವರ ಮನೆ ಬಾಗಿಲು ಅವರು ದಿನಾ ತಟ್ಟುವುದಿಲ್ಲ, ನಿಜ. ಆದರೂ ಹಾಕಿದ ದುಡ್ಡಿಗೆ ರಕ್ಷಣೆ ಇಲ್ಲ ಅಂತಾಯಿತು.

ಸವರನ್ ಅನ್ನುವ ಬ್ರಿಟಿಷ್ ಚಿನ್ನದ ನಾಣ್ಯದ ಖೋಟಾ ಕಥೆ ಇದಕ್ಕಿಂತ ಸ್ವಾರಸ್ಯ. ನಮ್ಮ ಕಡೆ ಅಜ್ಜಿಯರ ಕಾಸಿನ ಸರದಲ್ಲಿ ಜಾರ್ಜ್ ದೊರೆಯ ತಲೆ ನೋಡಿರುತ್ತೀರಿ, ಅಲ್ವಾ? 1918ರಲ್ಲಿ ಬಾಂಬೆಯಲ್ಲೇ ಸವರನ್ ಅಚ್ಚು ಹಾಕಿದ್ದರು. ಒಂದರ ತೂಕ ಹೆಚ್ಚುಕಡಿಮೆ 8 ಗ್ರಾಂ, 22 ಕ್ಯಾರೆಟ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದನ್ನು ಚಿನ್ನದ ಬೆಲೆಗಿಂತ ಜಾಸ್ತಿ ಕೊಟ್ಟು ಕೊಳ್ಳುವವರಿದ್ದರು. ಯುಗೊಸ್ಲಾವಿಯಾ ಕಡೆಯ ಹೋಸೆ ಬೆರಾಹಾ ಅನ್ನುವವನು ಇಟಲಿಯ ಮಿಲಾನ್‌ನಲ್ಲಿ ಕೂತು ಒಳ್ಳೇ ಚಿನ್ನದಲ್ಲೇ ಸವರನ್ ಮಾಡಿ ಮಾರಿದ. ಆಮೇಲೆ ಸ್ವಿಟ್ಜರ್ಲೆಂಡಿಗೆ ಹೋದ. ಅವನನ್ನು ಒಪ್ಪಿಸಿ ಅಂತ ಕೇಳಿದಾಗ ಅಲ್ಲಿಯ ಕೋರ್ಟು ಒಪ್ಪಲಿಲ್ಲ. ಸವರನ್ ಈಗ ಹಣವಾಗಿ ಚಲಾವಣೆಯಲ್ಲೇ ಇಲ್ಲ, ಖೋಟಾ ನಾಣ್ಯದ ಅಪರಾಧ ಎಲ್ಲಿಂದ ಬಂತು ಅಂದಿತು! ಬ್ರಿಟನ್ 1957ರಲ್ಲಿ ಮತ್ತೆ ಸವರನ್ ಮಾಡಲು ಶುರು ಮಾಡಿತು. ಈ ಖೋಟಾಗಳ ಕಾಟವೂ ಅದಕ್ಕೊಂದು ಕಾರಣ.

ಅಂಥ ಸವರನ್ ಸಿಕ್ಕರೆ ಕರಗಿಸಿದರೆ ಬರುವ ಚಿನ್ನದ ಬೆಲೆ ಕೊಡಿ, ಸಾಕು. ಬಿಲ್ಲಿನಲ್ಲಿ ಖೋಟಾ ಅಂತ ಬರೆಸಿಕೊಳ್ಳಿ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ನಾನಂತೂ ಕೊಡುವುದಿಲ್ಲ.

ಹಾಗಾದರೆ ಹೆಸರುವಾಸಿ ಖೋಟಾ ಯಾವುದನ್ನೂ ಕೊಳ್ಳಬಾರದಾ? ಒಬ್ಬನದ್ದು ಕೊಳ್ಳಬಹುದು. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್. ಹುಟ್ಟಿದ್ದು 1772ರಲ್ಲಿ, ತೀರಿಕೊಂಡದ್ದು 1830ರಲ್ಲಿ. ಹಳೇ ಗ್ರೀಕ್, ರೋಮನ್ ನಾಣ್ಯಗಳಿಗೆ ಕೈಯಿಂದಲೇ ಅಚ್ಚು ಕೆತ್ತುತ್ತಿದ್ದ. ಚಿನ್ನದಲ್ಲೂ ಮಾಡಿದ್ದಾನೆ. ಹೊಸ ನಾಣ್ಯಗಳಿಗೆ ಹಳೇ ಕಳೆ ಬರಲಿ ಅಂತ ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಹಾಕಿ, ಕುದುರೆಗಾಡಿಗೆ ಕಟ್ಟಿ ಊರೆಲ್ಲ ಸುತ್ತಿಸುತ್ತಿದ್ದ ಅಂತ ಒಂದು ಕಥೆ ಇದೆ. ಮುದುಕರಿಗೆ ಹವಾ ಸೇವನೆ ಮಾಡಿಸುತ್ತಿದ್ದೇನೆ ಅನ್ನುತ್ತಿದ್ದನಂತೆ, ಪುಣ್ಯಾತ್ಮ.

ಇವನದ್ದು ಯಾಕೆ ಪರವಾಗಿಲ್ಲ? ಅವನ ಅಚ್ಚುಗಳು ಬರ್ಲಿನ್ ಮ್ಯೂಸಿಯಂನಲ್ಲಿವೆ. ಅವನ ಮುನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳನ್ನು ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಹಿಲ್ 1920ರ ದಶಕದಲ್ಲೇ ಪಟ್ಟಿ ಮಾಡಿದ್ದಾರೆ. ನಿಮ್ಮ ಕೈಯಲ್ಲಿರುವುದನ್ನು ಆ ಪಟ್ಟಿಯ ಚಿತ್ರದ ಜೊತೆ ಗೆರೆಗೆ ಗೆರೆ ಹೋಲಿಸಬಹುದು. ಮಾಡಿದವನ ಹೆಸರು ಗೊತ್ತು, ಅಚ್ಚು ಗೊತ್ತು, ಕಾಲ ಗೊತ್ತು. ಓಮೆಗಾದಲ್ಲಿ ಈ ಮೂರೂ ಇಲ್ಲ.

ಇಷ್ಟೆಲ್ಲ ಹೇಳಿ ಭಾವನಿಗೆ ಅಂದೆ: "ಭಾವ, ಖೋಟಾ ಅಂತ ಬಿಲ್ಲಿನಲ್ಲಿ ಬರೆದುಕೊಡಿ, ಬರೀ ಚಿನ್ನದ ಬೆಲೆಗೆ ಕೊಡಿ ಅಂತ ಒಂದು ಮಾತು ಕೇಳಿ ನೋಡಿ." ಕೇಳಿದ್ದಾರೆ. ಮಾರುವವನು ಬಿಲ್ಲೇ ಕೊಡುವುದಿಲ್ಲ ಅಂದನಂತೆ. ಭಾವ ಈಗ ಬೆಕರ್ ನಾಣ್ಯದ ಹರಾಜು ಎಲ್ಲಿ ನಡೆಯುತ್ತದೆ ಅಂತ ಹುಡುಕುತ್ತಿದ್ದಾರೆ. ಅಕ್ಕ ನನ್ನನ್ನು ಬೈಯುತ್ತಿದ್ದಾಳೆ.