ಬಾಕೋ ಕಾಡಿನಲ್ಲಿ ಬಾಯಿಬಿಟ್ಟ ಷೂ

ಈ ವಿಡಿಯೊದಲ್ಲಿ ಬೋಟಿನ ದೃಶ್ಯವನ್ನು ಬಹಳ ಕತ್ತರಿಸಿದ್ದೇನೆ, ಅರ್ಧ ಗಂಟೆ ಬರೀ ನೀರು ನೋಡಲು ನಿಮಗೂ ಬೇಸರ. ಈಗ ಕಾಣಿಸಿದ ಫಲಕವನ್ನು ಮಾತ್ರ ಬೇಕೆಂದೇ ಉಳಿಸಿಕೊಂಡೆ: ಇಲ್ಲಿ ಮೊಸಳೆಗಳಿವೆ ಎನ್ನುತ್ತದೆ ಅದು. ನಾವು ಹೋದದ್ದು ಕಡಲಿನ ಇಳಿತದ ಹೊತ್ತು. ಬೋಟು ಕಟ್ಟೆಯವರೆಗೆ ಬರಲಿಲ್ಲ, ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಿಗೆ ಇಳಿಯಬೇಕಾಯಿತು. ಮೊದಲು ಮೊಸಳೆಯ ಫಲಕ ಓದಿಸುತ್ತಾರೆ, ಆಮೇಲೆ ಅದೇ ನೀರಿಗೆ ಇಳಿಸುತ್ತಾರೆ. ಬಹಳ ಚೆನ್ನಾಗಿದೆ.

ಇದು ಬೋರ್ನಿಯೋ ದ್ವೀಪ, ಮಲೇಷ್ಯಾದ ಸರವಾಕ್ ರಾಜ್ಯ. ಬಾಕೋ ರಾಷ್ಟ್ರೀಯ ಉದ್ಯಾನವನ್ನು 1957ರಲ್ಲಿ ಘೋಷಿಸಿದರು. ಸರವಾಕ್‌ನಲ್ಲಿ ಇದೇ ಮೊದಲನೆಯದು. ವಿಸ್ತೀರ್ಣ ಸುಮಾರು 27 ಚದರ ಕಿಲೋಮೀಟರ್ ಅಷ್ಟೇ. ಇಷ್ಟು ಚಿಕ್ಕ ಕಾಡಿನಲ್ಲಿ ನೋಡಲು ಏನಿರುತ್ತದೆ ಎಂದು ಬೋಟಿನಲ್ಲಿ ನಾನು ಹೇಳಿದ್ದು ರೆಕಾರ್ಡ್ ಆಗಿದೆ, ತಂಗಿ ಅದನ್ನು ಅಳಿಸಲು ಬಿಡುತ್ತಿಲ್ಲ.

ಕಾಂಡ್ಲಾ ಗಿಡಗಳ ನಡುವಿನ ಹಲಗೆಯ ದಾರಿ ಮುಗಿಯಿತು, ಈಗ ಏರು. ಮೆಟ್ಟಿಲುಗಳೆಂದರೆ ಬೇರುಗಳೇ. ಮರಗಳ ಮೇಲೆ ಬಳಿದ ಬಣ್ಣವನ್ನು ನೋಡಿಕೊಂಡು ಹೋಗುವುದು, ಒಂದೊಂದು ದಾರಿಗೆ ಒಂದೊಂದು ಬಣ್ಣ. ನಾವು ಹಿಡಿದದ್ದು ಲಿಂಟಾಂಗ್ ಎಂಬ ಸುತ್ತುದಾರಿ, ಆರು ಕಿಲೋಮೀಟರಿಗೆ ತುಸು ಕಡಿಮೆ. ಸಮತಟ್ಟಿನಲ್ಲಾದರೆ ಆರು ಕಿಲೋಮೀಟರ್ ಒಂದು ಲೆಕ್ಕವೇ ಅಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಬೆವರು. ಗಾಳಿಯಲ್ಲೇ ಅಷ್ಟು ನೀರಿರುವಾಗ ಮೈಮೇಲಿನ ಬೆವರು ಎಲ್ಲಿಗೆ ಆರಿ ಹೋಗಬೇಕು?

ಇಲ್ಲಿ ನೋಡಿ. ಕೇಳಿಸಿತೇ? ತಂಗಿಯ ಧ್ವನಿ. "ಅಕ್ಕಾ, ನಿನ್ನ ಷೂ ಬಾಯಿ ಬಿಡುತ್ತಿದೆ."

ಈ ಷೂ ಬಗ್ಗೆ ಮಾತನಾಡಲೇಬೇಕು. ದುಬಾರಿ ಷೂ. ಕೊಂಡು ವರ್ಷಗಳಾಗಿದ್ದರೂ ಡಬ್ಬಿಯಿಂದ ಹೊರಗೆ ಬಂದದ್ದೇ ಅಪರೂಪ, ಮೇಲೆ ಒಂದು ಗೀರೂ ಇಲ್ಲ. ಮೊದಲು ಎಡಗಾಲಿನ ಹಿಮ್ಮಡಿ ಬಿಟ್ಟಿತು. ಬೆರಳಿನಿಂದ ಒತ್ತಿ ನೋಡಿದೆ, ಅಟ್ಟೆಯ ಮೇಲಿನ ಮೆತ್ತನೆಯ ಪದರ ಒದ್ದೆ ರಸ್ಕಿನಂತೆ ಪುಡಿಯಾಗಿ ಕೈಗೆ ಬಂತು. ಹತ್ತು ಹೆಜ್ಜೆ ಇಟ್ಟೆನೋ ಇಲ್ಲವೋ, ಇಡೀ ಅಟ್ಟೆ ಬೇರುಗಳ ನಡುವೆ ಉಳಿಯಿತು, ನಾನು ಮುಂದೆ ಬಂದಿದ್ದೆ. ಆಮೇಲೆ ಓದಿ ತಿಳಿದದ್ದು: ಆ ಪದರ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಅದಕ್ಕೆ ತೇವಾಂಶ ಆಗುವುದಿಲ್ಲ, ಒಳಗಿನ ಬಂಧಗಳು ಒಂದೊಂದಾಗಿ ಕಡಿದುಹೋಗುತ್ತವೆ. ನಡೆದರೂ ಅಷ್ಟೇ, ಡಬ್ಬಿಯಲ್ಲಿಟ್ಟು ಪೂಜೆ ಮಾಡಿದರೂ ಅಷ್ಟೇ. ಹಾಗಿದ್ದರೆ ಹಾಲಿನ ಪ್ಯಾಕೆಟ್ಟಿನ ಮೇಲೆ ಹಾಕಿದಂತೆ ಷೂ ಡಬ್ಬಿಯ ಮೇಲೂ ಒಂದು ತಾರೀಖು ಹಾಕಬಹುದಲ್ಲವೇ? ಮಳೆಕಾಡಿಗೆಂದೇ ಮಾರುವ ಷೂ, ಅದಕ್ಕೆ ತೇವವೇ ಶತ್ರು!

ಹಿಂದಿನಿಂದ ಬರುತ್ತಿರುವವರು ಅಲ್ಲಿಯವರೇ, ವಯಸ್ಸಾದ ಗೈಡ್. ಅವರ ಕಾಲುಗಳನ್ನು ನೋಡಿ. ಕಪ್ಪು ರಬ್ಬರಿನ ಷೂ, ಅಡಿಯಲ್ಲಿ ಗುಬುಟುಗಳು, ಮೇಲಿನಿಂದ ಕೆಳಗಿನವರೆಗೆ ಒಂದೇ ಎರಕ. ಅಂಟಿಸಿದ್ದು ಏನೂ ಇಲ್ಲದ ಮೇಲೆ ಕಿತ್ತು ಬರುವುದಾದರೂ ಏನು? ಮಲೇಷ್ಯಾದಲ್ಲಿ ಇದನ್ನು ತಮಾಷೆಗೆ 'ಅಡಿಡಾಸ್ ಕಾಂಪುಂಗ್' ಎನ್ನುತ್ತಾರೆ, ಹಳ್ಳಿಯ ಅಡಿಡಾಸ್. ಬೆಳಿಗ್ಗೆ ಬೋಟುಕಟ್ಟೆಯಲ್ಲಿ ಇವನ್ನು ನೋಡಿ ನಕ್ಕವಳು ನಾನೇ. ಅವರು ನಗಲಿಲ್ಲ. ಜೇಬಿನಿಂದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ದಾರ ತೆಗೆದು ಅಟ್ಟೆಯನ್ನು ಷೂಗೆ ಸೇರಿಸಿ ಸುತ್ತಿದರು. ಗಂಟನ್ನು ಪಾದದ ಮೇಲ್ಗಡೆಗೇ ತಂದರು, ಕೆಳಗಿದ್ದರೆ ಕಲ್ಲಿಗೆ ತಿಕ್ಕಿ ಹರಿಯುತ್ತದಂತೆ. ಬಲಗಾಲಿನದು ಇನ್ನೂ ಗಟ್ಟಿಯಾಗಿತ್ತು. ಅದನ್ನೂ ಕಟ್ಟಿದರು, ಏನೂ ಹೇಳದೆ. ಕಾಲು ಗಂಟೆಯಲ್ಲಿ ಅದೂ ಬಿಟ್ಟಿತು.

ಸರಿ, ಮೇಲೆ ಬಂದೆವು. ಇದ್ದಕ್ಕಿದ್ದಂತೆ ಮರಗಳು ಕುಳ್ಳಾದವು, ನೆರಳು ಹೋಯಿತು. ಕೆಳಗೆ ಮರಳುಗಲ್ಲು, ಅದರ ಮೇಲೆ ಸಾರವಿಲ್ಲದ ಮರಳುಮಣ್ಣು. ಮಣ್ಣು ಕೊಡದ ಸಾರಜನಕವನ್ನು ಹುಳುಗಳಿಂದ ವಸೂಲಿ ಮಾಡುವ ಹೂಜಿ ಗಿಡಗಳು ಇಲ್ಲೇ. ಕ್ಯಾಮೆರಾ ಹತ್ತಿರ ಹಿಡಿದದ್ದು ಒಂದು ಹೂಜಿಯ ಅಂಚಿಗೆ: ಇರುವೆಯೊಂದು ಅಂಚಿನ ಸುತ್ತ ಓಡುತ್ತಿದೆ, ನಿಲ್ಲುತ್ತಿದೆ, ಮತ್ತೆ ಓಡುತ್ತಿದೆ... ಜಾರಿತು. ಒಳಗೆ ಮೊದಲೇ ಬಿದ್ದವರು ಬಹಳ ಮಂದಿ. ನನಗೆ ಕಾಡೆಂದರೆ ದೊಡ್ಡ ಮರಗಳು ಎಂದಿತ್ತು, ಈ ಕುಳ್ಳು ಬಯಲೇ ಹೆಚ್ಚು ಇಷ್ಟವಾಯಿತು. ಬಿಸಿಲು ಮಾತ್ರ ಇಷ್ಟವಾಗಲಿಲ್ಲ. ಇಲ್ಲಿ ದೃಶ್ಯ ಮುಗಿಯುತ್ತಿದೆ, ಮುಂದಕ್ಕೆ.

ಇಳಿದು ಬಂದ ಮೇಲೆ ಕಡಲಂಚಿನಲ್ಲಿ ಸಿಕ್ಕಿದ ಮಹಾಶಯ ಇವನು, ಪ್ರೊಬೋಸಿಸ್ ಕೋತಿ. ಬೋರ್ನಿಯೋ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಇವನಿಲ್ಲ. ಮೂಗು ಬಾಯಿಯ ಮೇಲೆ ಜೋಲುತ್ತಿದೆಯಲ್ಲ, ಅಂದರೆ ಗಂಡು, ಹೆಣ್ಣಿನದು ಚಿಕ್ಕದು. ಹೊಟ್ಟೆ ನೋಡಿ ಸೋಮಾರಿ ಎನ್ನಬೇಡಿ. ಎಲೆ ತಿಂದು ಅದನ್ನು ಹೊಟ್ಟೆಯ ಕೋಣೆಗಳಲ್ಲಿ ಹುಳಿಯಿಸಿ ಜೀರ್ಣಿಸಿಕೊಳ್ಳುವ ಪ್ರಾಣಿ, ಅಷ್ಟು ಜಾಗ ಬೇಕೇ ಬೇಕು.

ಹಿಂದೆ ಕಾಣುವ ಬೆಟ್ಟ ಸಂತುಬಾಂಗ್. 1855ರಲ್ಲಿ ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಮಳೆಗಾಲದಲ್ಲಿ ಅದರ ಬುಡದಲ್ಲಿ ಕುಳಿತು, ಹೊಸ ಜೀವಿಪ್ರಭೇದಗಳು ಹೇಗೆ ಬರುತ್ತವೆ ಎಂಬ ಬಗ್ಗೆ ಒಂದು ಲೇಖನ ಬರೆದರು. ಡಾರ್ವಿನ್ನರ ಪುಸ್ತಕಕ್ಕಿಂತ ನಾಲ್ಕು ವರ್ಷ ಮೊದಲು. ಅವರ ಕಾಲಲ್ಲಿ ಯಾವ ಷೂ ಇತ್ತೋ... ಅಯ್ಯೋ, ಬೋಟಿನವರು ಕೈ ಬೀಸುತ್ತಿದ್ದಾರೆ. ನೀರು ಇಳಿಯುವ ಮೊದಲೇ ಹೊರಡಬೇಕು, ಅವರು ಹೇಳಿದ ಹೊತ್ತೇ ಹೊತ್ತು.

ಕೊನೆಯ ತುಣುಕು ಸರವಾಕ್‌ನ ರಾಜಧಾನಿ ಕುಚಿಂಗ್‌ನ ಪೇಟೆಯದು, ಮರುದಿನ. ಕಪ್ಪು ರಬ್ಬರ್ ಷೂ, ಹನ್ನೆರಡು ರಿಂಗಿಟ್. ಚೌಕಾಸಿ ಮಾಡಲು ನಾಲಿಗೆ ಏಳಲಿಲ್ಲ. ಅದರ ಗುಣಗಾನ ಮಾಡಬೇಕೆಂದಿದ್ದೆ, ಆದರೆ ಸಂಜೆಯ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ದಪ್ಪ ಕಾಲುಚೀಲ ಹಾಕದೆ ಇದನ್ನು ಹಾಕಬೇಡಿ. ಮುಂದಿನ ವಿಡಿಯೊದಲ್ಲಿ ಗುಹೆಗಳಿವೆ, ನಡೆಯುವುದು ಕಡಿಮೆ ಎಂದು ತಂಗಿ ಆಣೆ ಮಾಡಿದ್ದಾಳೆ.