ಗಾಲ್ಫ್ ಪ್ರವಾಸಕ್ಕೆ ಹೊರಟಿದ್ದೀರಾ? ಮೊದಲು ನಡೆಯಿರಿ

ನಮಸ್ಕಾರ. ಮುಂಬೈ, ಥಾಣೆ, ನವಿ ಮುಂಬೈಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ ಕೇಳುತ್ತಿರುವ ಕನ್ನಡಿಗರೆಲ್ಲರಿಗೂ. ನಾನು ಇಲ್ಲಿ ಗಾಲ್ಫ್ ಕಲಿಸುವವನು. ವರ್ಷಕ್ಕೊಮ್ಮೆ ಹತ್ತು ಹನ್ನೆರಡು ಜನರನ್ನು ಸ್ಕಾಟ್‌ಲೆಂಡಿಗೆ ಕರೆದುಕೊಂಡು ಹೋಗುತ್ತೇನೆ. ಹೊರಡುವ ಮೊದಲು ಎಲ್ಲರೂ ಕೇಳುವುದು ಒಂದೇ: "ಸರ್, ಹೊಸ ಡ್ರೈವರ್ ತಗೊಳ್ಳಲಾ?" ಡ್ರೈವರ್ ಅಂದರೆ ಕಾರು ಓಡಿಸುವವನಲ್ಲ, ಚೆಂಡನ್ನು ದೂರ ಹೊಡೆಯುವ ಉದ್ದನೆಯ ಕ್ಲಬ್, ಅಂದರೆ ಗಾಲ್ಫ್ ಕೋಲು. ನಾನು ಹೇಳುವುದೂ ಒಂದೇ. ಬೇಡ. ನಡೆಯಿರಿ.

ನಮ್ಮಲ್ಲಿ ಬಗ್ಗಿ ಅನ್ನುವ ಪುಟ್ಟ ಗಾಡಿಯಲ್ಲಿ ಕೂತು ಚೆಂಡಿನ ಹತ್ತಿರ ಹೋಗುತ್ತೇವೆ, ಇಳಿದು ಹೊಡೆಯುತ್ತೇವೆ, ಮತ್ತೆ ಹತ್ತುತ್ತೇವೆ. ಅಭ್ಯಾಸ ಆಗಿಬಿಟ್ಟಿದೆ. ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್ ಅನ್ನುವ ಮೈದಾನದಲ್ಲಿ ಬಗ್ಗಿ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಹದಿನೆಂಟು ಹೋಲ್, ಅಂದರೆ ಚೆಂಡು ಬೀಳಿಸಬೇಕಾದ ಹದಿನೆಂಟು ಕುಳಿ, ಅಷ್ಟೂ ಕಾಲ್ನಡಿಗೆ. ಅದೂ ನಿಧಾನಕ್ಕೆ ಹರಟೆ ಹೊಡೆದುಕೊಂಡು ಅಲ್ಲ, ಸುಮಾರು ನಾಲ್ಕು ಗಂಟೆಯಲ್ಲಿ ಮುಗಿಸಬೇಕು, ಹಿಂದೆ ಇನ್ನೊಂದು ಗುಂಪು ಕಾಯುತ್ತಿರುತ್ತದೆ. ನಾರಿಮನ್ ಪಾಯಿಂಟ್‌ನಿಂದ ಚೌಪಾಟಿವರೆಗೆ ಹೋಗಿ ವಾಪಸ್ ಬಂದರೆ ಸುಮಾರು ಆರು ಕಿಲೋಮೀಟರ್, ಅಲ್ವಾ? ಅಲ್ಲಿಯದೂ ಹಾಗೇ ಇದೆ. ಸಮುದ್ರದ ಪಕ್ಕದಲ್ಲಿ ನೇರ ಹೋಗುವುದು, ತಿರುಗಿ ಬರುವುದು. ಚೆಂಡು ಅತ್ತಿತ್ತ ಹೋದರೆ ಎಂಟು ಕಿಲೋಮೀಟರ್ ದಾಟುತ್ತದೆ. ಮಾರನೇ ದಿನ ಇನ್ನೊಂದು ಮೈದಾನ, ಅದರ ಮಾರನೇ ದಿನ ಮತ್ತೊಂದು.

ಒಬ್ಬರ ಕಥೆ ಹೇಳಲೇಬೇಕು. ಅವರದು ಥಾಣೆಯಲ್ಲಿ ಹೋಟೆಲ್, ಊರು ಕುಂದಾಪುರದ ಕಡೆ. ನಾವೆಲ್ಲ ಅವರನ್ನು ಧಣಿ ಅಂತಲೇ ಕರೆಯುವುದು. ಆಟ ಚೆನ್ನಾಗಿತ್ತು, ನಿಜಕ್ಕೂ ಚೆನ್ನಾಗಿತ್ತು. ಮೂವತ್ತು ವರ್ಷ ಗಲ್ಲೆಯ ಹಿಂದೆ ನಿಂತ ಮನುಷ್ಯ, "ಕಾಲಿನ ಬಗ್ಗೆ ನನಗೆ ಹೇಳಬೇಡಿ ಮಾಷ್ಟ್ರೇ" ಅನ್ನುತ್ತಿದ್ದರು. ನಿಲ್ಲುವುದು ಬೇರೆ, ನಡೆಯುವುದು ಬೇರೆ ಅಂತ ಎಷ್ಟು ಸಲ ಹೇಳಿದೆನೋ! ಹೊರಡುವ ಹಿಂದಿನ ವಾರ ಒಳ್ಳೆಯ ಬೆಲೆ ಕೊಟ್ಟು ಬಿಳಿ ಶೂ ತಗೊಂಡರು. ಹಾಳಾಗಬಾರದು ಅಂತ ಡಬ್ಬಿ ಸಮೇತ ಪೆಟ್ಟಿಗೆಯಲ್ಲಿಟ್ಟರು. ಓಲ್ಡ್ ಕೋರ್ಸ್‌ನ ಮೊದಲನೇ ಟೀಯಲ್ಲಿ, ಅಂದರೆ ಆಟ ಶುರುವಾಗುವ ಜಾಗದಲ್ಲಿ, ಅಲ್ಲೇ, ಲೇಸ್ ಕಟ್ಟಿದರು.

ಐದನೇ ಹೋಲ್ ಹೊತ್ತಿಗೆ ಮಾತು ನಿಂತಿತು. ಏಳನೆಯದರಲ್ಲಿ ಹುಲ್ಲಿನ ಮೇಲೆ ಕೂತುಬಿಟ್ಟರು. ಶೂ ಬಿಚ್ಚಿದರೆ ಬಿಳಿ ಕಾಲುಚೀಲದ ಹಿಮ್ಮಡಿ ಪೂರ್ತಿ ಕೆಂಪು, ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತ್ತು. ಅವರ ಕ್ಯಾಡಿ, ಅಂದರೆ ಬ್ಯಾಗು ಹೊರುವವನು, ಅರವತ್ತು ದಾಟಿದ ಮನುಷ್ಯ. ಬಾಟಲಿಯ ನೀರು ಹಾಕಿ ಮೆಲ್ಲಗೆ ಕಾಲುಚೀಲ ಬಿಡಿಸಿದ, ಜೇಬಿನಿಂದ ಬ್ಯಾಂಡೇಡ್ ತೆಗೆದು ಹಚ್ಚಿದ. ಆಮೇಲೆ ಶೂ ತಿರುಗಿಸಿ ಅಡಿಭಾಗ ನೋಡಿದ. ಏನೂ ಅನ್ನಲಿಲ್ಲ. ನಮ್ಮ ಊರಲ್ಲಾದರೆ ಒಂಬತ್ತನೇ ಹೋಲ್ ಮುಗಿಯುವಾಗ ಎಷ್ಟೋ ಕಡೆ ಕ್ಲಬ್‌ಹೌಸ್ ಪಕ್ಕಕ್ಕೇ ಬಂದಿರುತ್ತೇವೆ, ಬಿಟ್ಟು ಒಳಗೆ ಹೋಗಿ ಕೂತುಕೊಳ್ಳಬಹುದು. ಅಲ್ಲಿ ಹಾಗಿಲ್ಲ. ಏಳನೆಯದರ ಹತ್ತಿರ ನೀವು ಮೈದಾನದ ಆ ತುದಿಯಲ್ಲಿರುತ್ತೀರಿ, ಊರು ಎರಡು ಕಿಲೋಮೀಟರ್‌ಗೂ ಜಾಸ್ತಿ ದೂರ, ಮೂತಿಗೆ ಗಾಳಿ. ಧಣಿ ಕ್ಲಬ್ ಬ್ಯಾಗಿಗೆ ಹಾಕಿದರು, ಕ್ಯಾಡಿಯ ಭುಜ ಹಿಡಿದು ನಮ್ಮ ಜೊತೆಗೇ ಕುಂಟುತ್ತಾ ಬಂದರು. ಹದಿನೆಂಟನೆಯದರಲ್ಲಿ ಸ್ವಿಲ್ಕನ್ ಸೇತುವೆ ಅಂತ ಪುಟ್ಟ ಕಲ್ಲಿನ ಸೇತುವೆ ಇದೆ. ಗಾಲ್ಫ್ ಆಡುವವರೆಲ್ಲ ಜೀವನದಲ್ಲಿ ಒಂದು ಸಲ ಅದರ ಮೇಲೆ ನಿಲ್ಲಬೇಕು ಅಂದುಕೊಂಡಿರುತ್ತಾರೆ. ನಿಂತರು. ಆದರೆ ಆಡಿ ಬಂದು ನಿಂತದ್ದಲ್ಲ, ಅದು ಅವರಿಗೂ ಗೊತ್ತಿತ್ತು, ಫೋಟೋ ಬೇಡ ಅಂದರು. ಉಳಿದ ನಾಲ್ಕು ದಿನ ಬಸ್ಸಿನ ಕಿಟಕಿಯಲ್ಲೇ ಕಳೆದರು. ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ.

ನನಗೆ ಈಗಲೂ ಬೇಸರ ಆಗುತ್ತದೆ. ಗೈಡ್ ಇದ್ದಾನೆ, ಎಲ್ಲಾ ನೋಡಿಕೊಳ್ಳುತ್ತಾನೆ ಅಂತ ಜನ ಆರಾಮಾಗಿ ಇದ್ದುಬಿಡುತ್ತಾರೆ. ಗೈಡ್ ಟೀ ಟೈಮ್, ಅಂದರೆ ಆಟ ಶುರು ಮಾಡುವ ಸಮಯ, ಹಿಡಿಯುತ್ತಾನೆ, ರೂಮು ಮಾಡುತ್ತಾನೆ, ಬಸ್ಸು ತರುತ್ತಾನೆ. ನಿಮ್ಮ ಬದಲು ಅವನು ನಡೆಯುವುದಕ್ಕೆ ಆಗುವುದಿಲ್ಲ.

ಹಾಗಾಗಿ ಮೂರು ತಿಂಗಳು ಮೊದಲೇ ಶುರು ಮಾಡಿ. ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್ ಇದೆ, ದಾದರ್‌ನವರಿಗೆ ಶಿವಾಜಿ ಪಾರ್ಕ್, ಬೊರಿವಲಿಯವರಿಗೆ ನ್ಯಾಷನಲ್ ಪಾರ್ಕಿನ ಏರುದಾರಿ. ವಾರಕ್ಕೆ ನಾಲ್ಕು ದಿನ. ಮೊದಲು ಮೂರು ಕಿಲೋಮೀಟರ್, ಆಮೇಲೆ ಐದು, ಕೊನೆಗೆ ಎಂಟು. ಜುಹು ಹತ್ತಿರ ಇದ್ದರೆ ಮರಳಿನ ಮೇಲೆ ನಡೆಯಿರಿ, ಅಲ್ಲಿಯ ಮೈದಾನದ ಉಬ್ಬುತಗ್ಗಿಗೆ ಕಣಕಾಲು ಗಟ್ಟಿಯಾಗುತ್ತದೆ. ಮಳೆಗಾಲ ಅಂತ ಬಿಡಬೇಡಿ. ಅಲ್ಲಿ ಜೂನ್‌ನಲ್ಲೂ ಮಳೆ, ಗಾಳಿ, ಚಳಿ ಮೂರೂ ಒಂದೇ ದಿನ ಬರಬಹುದು. ಆಡುವ ಶೂ ಹಾಕಿಕೊಂಡೇ ನಡೆಯಿರಿ, ಒದ್ದೆಯಾದರೆ ಬದಲಾಯಿಸಲು ಇನ್ನೊಂದು ಜೊತೆ ಇರಲಿ, ಎರಡನ್ನೂ ಪಳಗಿಸಿ.

ಸ್ಟುಡಿಯೋದ ಗಾಜಿನ ಆಚೆಯಿಂದ ಎರಡು ನಿಮಿಷ ಅಂತ ಬೆರಳು ತೋರಿಸುತ್ತಿದ್ದಾರೆ. ಮಿಕ್ಕಿದ್ದು ಬೇಗ ಹೇಳುತ್ತೇನೆ. ಬ್ರಿಟನ್ ವೀಸಾಕ್ಕೆ ಹೊರಡುವ ದಿನಕ್ಕಿಂತ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ನೀವು ಆಡುವ ಕ್ಲಬ್ಬಿನಿಂದ ಹ್ಯಾಂಡಿಕ್ಯಾಪ್ ಪತ್ರ, ಅಂದರೆ ನಿಮ್ಮ ಆಟದ ಮಟ್ಟ ಹೇಳುವ ಪತ್ರ, ಈಗಲೇ ತಗೊಳ್ಳಿ, ಓಲ್ಡ್ ಕೋರ್ಸ್‌ನಲ್ಲಿ ಕೇಳುತ್ತಾರೆ. ಗಾಲ್ಫ್ ಬ್ಯಾಗಿನಲ್ಲಿ ಹದಿನಾಲ್ಕು ಕ್ಲಬ್‌ಗಿಂತ ಜಾಸ್ತಿ ಬೇಡ, ನಿಯಮವೇ ಅಷ್ಟು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲಿರಲಿ. ನೆಲ ಗಟ್ಟಿ, ಚೆಂಡು ತುಂಬಾ ಉರುಳುತ್ತದೆ, ಆದ್ದರಿಂದ ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ) ಹೊರಗಿನಿಂದಲೇ ಪಟ್ಟರ್‌ನಲ್ಲಿ, ಅಂದರೆ ಚೆಂಡನ್ನು ಉರುಳಿಸುವ ಕೋಲಿನಲ್ಲಿ, ಹೊಡೆಯುವುದನ್ನು ಕಲಿಯಿರಿ. ಓಲ್ಡ್ ಕೋರ್ಸ್‌ಗೆ ಭಾನುವಾರ ಆಟಕ್ಕೆ ರಜೆ, ಊರಿನವರು ನಾಯಿ ಕರೆದುಕೊಂಡು ಅಲ್ಲೇ ವಾಕಿಂಗ್ ಬರುತ್ತಾರೆ. ನೀವೂ ಹೋಗಿ. ಅಲ್ಲೂ ನಡೆಯಿರಿ!

ಧಣಿ ಈ ಸಲ ಮತ್ತೆ ಬರುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಆರೂಕಾಲಕ್ಕೆ ಫೋನ್ ಮಾಡಿದ್ದರು, ಏದುಸಿರು, ಹಿಂದೆ ಮಳೆಯ ಶಬ್ದ. "ಮಾಷ್ಟ್ರೇ, ಉಪವನ ಕೆರೆಗೆ ಇದು ನಾಲ್ಕನೇ ಸುತ್ತು" ಅಂದರು. ಯಾವ ಶೂ ಅಂತ ಕೇಳಿದೆ. ಅದೇ ಬಿಳಿಯದು, ಈಗ ಬಿಳಿ ಉಳಿದಿಲ್ಲ ಅಂದರು. ನಮಸ್ಕಾರ.